ಗೋಡೆ ಬರಹ, ಪೇಪರು ಬಿಟ್ಟು ದುಡ್ಡೆಲ್ಲ ಮೊಬೈಲ್ ಜಾಹೀರಾತಿಗೆ ಹಾಕಬಹುದಾ?

ಹಾವೇರಿ ಪಂಪ್‌ಸೆಟ್

ಎಲ್ಲರಿಗೂ ನಮಸ್ಕಾರ. ಹಾವೇರಿಯಲ್ಲಿ ನಮ್ಮದು ಪಂಪ್‌ಸೆಟ್, ಪೈಪು, ಡ್ರಿಪ್ ಸಾಮಾನಿನ ಅಂಗಡಿ. ಅಪ್ಪ ಕಟ್ಟಿದ್ದು. ಈಗ ಲೆಕ್ಕಪತ್ರ ನನ್ನ ಕೈಯಲ್ಲಿದೆ. ಗೋದಾಮು, ಫಿಟ್ಟಿಂಗ್ ತಮ್ಮ ನೋಡಿಕೊಳ್ಳುತ್ತಾನೆ. ಗಿರಾಕಿಗಳು ಹೆಚ್ಚುಕಡಿಮೆ ಎಲ್ಲರೂ ರೈತರೇ. ಹಾನಗಲ್, ಸವಣೂರು, ಬ್ಯಾಡಗಿ, ಈ ಕಡೆ ಗುತ್ತಲದಿಂದಲೂ ಬರುತ್ತಾರೆ.

ಜಾಹೀರಾತಿಗೆ ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಹೋಗುತ್ತದೆ. ಅಪ್ಪನ ಕಾಲದಿಂದ ಅದರ ದಾರಿ ಬದಲಾಗಿಲ್ಲ. ಹಳ್ಳಿ ಗೋಡೆಗಳ ಮೇಲೆ ಬರೆಸುವುದು, ಯುಗಾದಿಗೆ ಮತ್ತು ದೀಪಾವಳಿಗೆ ಪೇಪರಿನ ಜಿಲ್ಲಾ ಪುಟದಲ್ಲಿ ಜಾಹೀರಾತು, ಸಾರಿಗೆ ಬಸ್ಸಿನ ಹಿಂದೆ ಒಂದು ಬೋರ್ಡು, ಹೊಸ ವರ್ಷಕ್ಕೆ ಗದಗಿನಲ್ಲಿ ಅಚ್ಚು ಹಾಕಿಸಿದ ಕ್ಯಾಲೆಂಡರು. ಕ್ಯಾಲೆಂಡರಿಗೆ ಇವತ್ತಿಗೂ ಬೇಡಿಕೆ ಇದೆ. ಡಿಸೆಂಬರ್ ಬಂತೆಂದರೆ "ಅಕ್ಕಾರ, ನಮಗೊಂದು ತೆಗೆದಿಡ್ರಿ" ಅಂತ ಫೋನ್ ಮಾಡುತ್ತಾರೆ.

ತಮ್ಮನ ವಾದ ಬೇರೆ. ಈಗ ಪೇಪರ್ ಓದುವವರು ಯಾರು, ಎಲ್ಲರ ಕಣ್ಣು ಮೊಬೈಲ್ ಮೇಲೆ, ದುಡ್ಡೆಲ್ಲ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ಗೆ ಹಾಕೋಣ ಅನ್ನುತ್ತಾನೆ. ಹೋದ ಬೇಸಿಗೆಯಲ್ಲಿ ಫೇಸ್‌ಬುಕ್‌ನಲ್ಲಿ ದುಡ್ಡು ಕೊಟ್ಟು ಒಂದು ವಿಡಿಯೊ ಓಡಿಸಿದ. ಲೈಕು ರಾಶಿ ರಾಶಿ ಬಂದವು. ಬೀದರ್, ಕೋಲಾರದಿಂದೆಲ್ಲ "ರೇಟ್ ಎಷ್ಟು" ಅಂತ ಕೇಳಿದರು. ಅದನ್ನು ನೋಡಿ ಅಂಗಡಿಗೆ ಬಂದವರು ಎಷ್ಟು ಜನ ಅಂತ ಹೇಳಲು ನಮ್ಮ ಹತ್ತಿರ ಲೆಕ್ಕ ಇಲ್ಲ. ಹಾಗೆ ನೋಡಿದರೆ ಗೋಡೆ ಬರಹದ್ದೂ ಲೆಕ್ಕ ಇಲ್ಲ.

ಅಪ್ಪನದು ಒಂದೇ ಮಾತು. "ಗೋಡೆ ಮ್ಯಾಲಿನ ಹೆಸರು ಅಳಿಸಿದ್ರ ಅಂಗಡಿ ಮುಚ್ಯಾರ ಅಂತ ತಿಳ್ಕೋತಾರ." ಅದೂ ನಿಜ ಇರಬಹುದು ಅನ್ನಿಸುತ್ತದೆ.

ಈ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ. ಒಂದೂವರೆ ಲಕ್ಷವನ್ನು ಹೇಗೆ ಹಂಚಬೇಕು? ಗಿರಾಕಿ ಯಾವುದನ್ನು ನೋಡಿ ಬಂದ ಅಂತ ತಿಳಿಯುವುದು ಹೇಗೆ?

ಹುಬ್ಬಳ್ಳಿ ಏಜೆನ್ಸಿಯವ

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಹತ್ತಿರ ನನ್ನದು ಸಣ್ಣ ಜಾಹೀರಾತು ಏಜೆನ್ಸಿ. ಪೇಪರ್ ಬುಕಿಂಗ್‌ನಿಂದ ಶುರು ಮಾಡಿದವನು ನಾನು. ಈಗ ಅರ್ಧಕ್ಕಿಂತ ಜಾಸ್ತಿ ಕೆಲಸ ಮೊಬೈಲ್ ಜಾಹೀರಾತಿನದ್ದೇ. ಪೇಪರ್ ಜಾಹೀರಾತಿಗೆ ನನಗೆ ಕಮಿಷನ್ ಸಿಗುತ್ತದೆ, ರೂಢಿಯಲ್ಲಿ ಶೇ 15. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಿ.

ಪೇಪರಾ ಮೊಬೈಲಾ ಅನ್ನುವುದನ್ನು ಆಮೇಲೆ ನೋಡೋಣ. ನಿಮ್ಮ ಅಂಗಡಿಯಲ್ಲಿ ಏನು, ಯಾವಾಗ, ಯಾಕೆ ಮಾರಾಟ ಆಗುತ್ತದೆ ಅಂತ ಮೊದಲು ನೋಡಿ. ನಿಮ್ಮಂಥ ಅಂಗಡಿಗಳ ಕೆಲಸ ಮಾಡಿ ನನಗೆ ಗೊತ್ತಾಗಿರುವುದು ಏನೆಂದರೆ, ಒಂದೇ ಕೌಂಟರಿನಲ್ಲಿ ಎರಡು ಬೇರೆ ಬೇರೆ ವ್ಯಾಪಾರ ನಡೆಯುತ್ತಿರುತ್ತದೆ.

ಮೊದಲನೆಯದು ಸುಟ್ಟ ಮೋಟಾರಿನ ವ್ಯಾಪಾರ. ಏಪ್ರಿಲ್ ಬಿಸಿಲು, ಬೋರಿನಲ್ಲಿ ನೀರು ಇಳಿದಿದೆ, ಮೋಟಾರು ನೀರಿಲ್ಲದೆ ಓಡಿ ವೈಂಡಿಂಗ್ ಹೋಗಿದೆ. ಅಡಿಕೆ ಸಸಿ ಬಾಡುತ್ತಿವೆ. ಆ ರೈತ ದೀಪಾವಳಿಗೆ ಪೇಪರಿನಲ್ಲಿ ಏನು ಬಂದಿತ್ತು ಅಂತ ನೆನಪು ಮಾಡಿಕೊಳ್ಳುತ್ತಾ ಕೂರುವುದಿಲ್ಲ. ಊರಿನ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾನೆ. ಇಲ್ಲವೇ ಅವನ ಮಗ ಮೊಬೈಲ್ ಎತ್ತಿ "ಹತ್ತಿರದ ಪಂಪ್‌ಸೆಟ್ ಅಂಗಡಿ" ಅಂತ ಬಾಯಲ್ಲೇ ಹೇಳಿ ಹುಡುಕುತ್ತಾನೆ. ಅಲ್ಲಿ ನಿಮ್ಮ ಅಂಗಡಿಯ ಹೆಸರು, ಫೋನ್ ನಂಬರು, ಎಷ್ಟು ಗಂಟೆವರೆಗೆ ತೆರೆದಿರುತ್ತದೆ, ಭಾನುವಾರ ಇರುತ್ತೀರಾ ಅನ್ನುವುದೆಲ್ಲ ಕಾಣಬೇಕು. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಪ್ರೊಫೈಲ್ ಮಾಡಲು ಒಂದು ರೂಪಾಯಿ ಖರ್ಚಿಲ್ಲ. ಇವತ್ತೇ ಮಾಡಿ.

ಇದಕ್ಕೇ ಇನ್ನೊಂದು ಕೆಲಸ. ನೀವು ಮಾರಿದ ಪ್ರತಿ ಪಂಪಿನ ಸ್ಟಾರ್ಟರ್ ಪೆಟ್ಟಿಗೆಗೆ ನಿಮ್ಮ ನಂಬರಿನ ಸ್ಟಿಕರ್ ಹಚ್ಚಿ. ಮೋಟಾರು ನಿಂತಾಗ ರೈತ ಮೊದಲು ಹೋಗಿ ನಿಲ್ಲುವುದೇ ಆ ಪೆಟ್ಟಿಗೆ ಮುಂದೆ. ಅದಕ್ಕಿಂತ ಒಳ್ಳೆಯ ಜಾಗವನ್ನು ಯಾವ ಪೇಪರೂ ಯಾವ ಆ್ಯಪೂ ನಿಮಗೆ ಮಾರಲಾರದು. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿಯವರ ಹತ್ತಿರವೂ ನಿಮ್ಮ ಕಾರ್ಡ್ ಇರಲಿ.

ಎರಡನೆಯದು ಡ್ರಿಪ್ ವ್ಯಾಪಾರ. ಇದು ತಿಂಗಳುಗಟ್ಟಲೆ ನಡೆಯುತ್ತದೆ. ನಮ್ಮ ರಾಜ್ಯದಲ್ಲಿ ಡ್ರಿಪ್ಪಿಗೆ ಸರ್ಕಾರದ ಸಹಾಯಧನ ಇದೆ, ಅದಕ್ಕೆ ಅರ್ಜಿ ಹಾಕಬೇಕು, ಪಹಣಿ ಬೇಕು, ಪಕ್ಕದ ಹೊಲದವನನ್ನು ಕೇಳಬೇಕು, ಮನೆಯಲ್ಲಿ ಮಾತಾಗಬೇಕು. ಇಲ್ಲಿ ನಂಬಿಕೆ ದೊಡ್ಡದು. ನಿಮ್ಮ ಅಪ್ಪ ಹೇಳಿದ್ದು ಇಲ್ಲಿಗೆ ಸರಿಯಾಗಿ ಕೂರುತ್ತದೆ. ವರ್ಷಗಟ್ಟಲೆ ಗೋಡೆಯ ಮೇಲೆ ನೋಡಿದ ಹೆಸರು, ಪೇಪರಿನಲ್ಲಿ ನೋಡಿದ ಹೆಸರು ಇಂಥ ಹೊತ್ತಿನಲ್ಲಿ ಕೆಲಸಕ್ಕೆ ಬರುತ್ತದೆ. ಸೆಪ್ಟೆಂಬರಿನಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಇರುತ್ತದಲ್ವಾ, ಅಲ್ಲಿ ಒಂದು ಮಳಿಗೆ ಹಾಕಿ ಡ್ರಿಪ್ ಓಡಿಸಿ ತೋರಿಸಿ. ಅದೂ ಜಾಹೀರಾತೇ. ಮುಟ್ಟಿ ನೋಡಿದ್ದನ್ನು ರೈತ ಮರೆಯುವುದಿಲ್ಲ.

ಇನ್ನು ನಿಮ್ಮ ತಮ್ಮನ ಮಾತು. ಬದಲಾವಣೆ ಆಗಿರುವುದು ನಿಜ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು, ಡೇಟಾ ಅಗ್ಗವಾಯಿತು, ಹಳ್ಳಿ ಹಳ್ಳಿಯಲ್ಲಿ ವಿಡಿಯೊ ನೋಡುವುದು ಶುರುವಾಯಿತು. ಉದ್ಯಮಿಗಳ ಒಕ್ಕೂಟ ಫಿಕ್ಕಿ ಮತ್ತು ಸಲಹಾ ಸಂಸ್ಥೆ ಇವೈ ಸೇರಿ ಮಾಡುವ ವರದಿಯ ಪ್ರಕಾರ 2024ರಲ್ಲಿ ಡಿಜಿಟಲ್ ಮಾಧ್ಯಮ ಟೀವಿಯನ್ನೂ ಹಿಂದೆ ಹಾಕಿ ಆದಾಯದಲ್ಲಿ ದೇಶದಲ್ಲಿ ಮೊದಲ ಸ್ಥಾನಕ್ಕೆ ಬಂತು. ಆದರೆ ಆನ್‌ಲೈನ್‌ನಲ್ಲೇ ಮಾರುವ ಕಂಪನಿಗಳ ಲೆಕ್ಕ ಬೇರೆ. ಜಾಹೀರಾತು ಒತ್ತಿದ ಬೆರಳೇ ಅಲ್ಲಿ ದುಡ್ಡನ್ನೂ ಕಟ್ಟುತ್ತದೆ. ನಿಮ್ಮ ಗಿರಾಕಿ ಬಸ್ಸು ಹತ್ತಿ ಬಂದು, ಪಂಪು ಎತ್ತಿ ನೋಡಿ, ಸ್ವಲ್ಪ ಉದ್ರಿ ಹೇಳಿ ಒಯ್ಯುವವನು. ಅವರ ದಾರಿಯನ್ನು ನೀವು ಹಾಗೇ ಹಿಡಿಯಲು ಆಗುವುದಿಲ್ಲ.

ದುಡ್ಡು ಕೊಡುವ ರೀತಿಯೇ ಬೇರೆ ಅನ್ನುವುದನ್ನೂ ತಿಳಿದಿರಿ. ಪೇಪರಿನಲ್ಲಿ ನೀವು ಜಾಗ ಕೊಳ್ಳುತ್ತೀರಿ. ಚದರ ಸೆಂಟಿಮೀಟರಿಗೆ ಇಷ್ಟು, ಜಿಲ್ಲಾ ಪುಟಕ್ಕೆ ಇಷ್ಟು, ಮುಖಪುಟಕ್ಕೆ ಇಷ್ಟು ಅಂತ ಮೊದಲೇ ಗೊತ್ತು. ಫೇಸ್‌ಬುಕ್, ಗೂಗಲ್‌ನಲ್ಲಿ ಪ್ರತಿ ಸಲ ಹರಾಜು ನಡೆಯುತ್ತದೆ. ಒಬ್ಬ ರೈತನ ಪರದೆ ಮೇಲೆ ಒಂದು ಜಾಗ ಖಾಲಿ ಆದ ಕ್ಷಣ ನೀವೂ, ಟ್ರ್ಯಾಕ್ಟರ್ ಕಂಪನಿಯೂ, ಸಾಲದ ಆ್ಯಪೂ ಒಟ್ಟಿಗೆ ಕೂಗುತ್ತೀರಿ. ಬರೀ ಹೆಚ್ಚು ಕೂಗಿದವನಿಗೇ ಸಿಗುತ್ತದೆ ಅಂತಲ್ಲ. ಜಾಹೀರಾತು ನೋಡಿ ಆ ಮನುಷ್ಯ ಏನಾದರೂ ಮಾಡುವ ಸಾಧ್ಯತೆ ಎಷ್ಟು, ಜಾಹೀರಾತು ಎಷ್ಟು ಚೆನ್ನಾಗಿದೆ ಅನ್ನುವುದನ್ನೂ ಅದು ಲೆಕ್ಕ ಹಾಕುತ್ತದೆ. ಹಾಗಾಗಿ ಚಿಕ್ಕ ಅಂಗಡಿಗೂ ಅಲ್ಲಿ ಅವಕಾಶ ಇದೆ. ಆದರೆ ಬೆಲೆ ದಿನ ದಿನ ಬದಲಾಗುತ್ತದೆ. ದೀಪಾವಳಿ ಹೊತ್ತಿಗೆ ದೊಡ್ಡವರೆಲ್ಲ ಹರಾಜಿಗೆ ಇಳಿಯುತ್ತಾರೆ, ಆಗ ನೀವು ದೂರ ಇರಿ. ನಿಮ್ಮ ಸುಗ್ಗಿ ಫೆಬ್ರವರಿಯಿಂದ ಮೇವರೆಗೆ. ದುಡ್ಡು ಆಗ ಹಾಕಿ.

ಪೇಪರ್ ಬಗ್ಗೆ ನನ್ನ ಮನಸ್ಸಿನಲ್ಲಿರುವುದನ್ನೂ ಹೇಳಿಬಿಡುತ್ತೇನೆ. ಜಿಲ್ಲಾ ಪುಟ ನಡೆಯುವುದು ನಿಮ್ಮಂಥ ಅಂಗಡಿಗಳ ಜಾಹೀರಾತಿನಿಂದ. ನಾಳೆ ಎಲ್ಲೆಲ್ಲಿ ಕರೆಂಟ್ ಇಲ್ಲ, ಎಪಿಎಂಸಿಯಲ್ಲಿ ಗೋವಿನಜೋಳ ಎಷ್ಟಕ್ಕೆ ಹೋಯಿತು, ಯಾವ ಕೆರೆಗೆ ನೀರು ಬಂತು, ಯಾವ ಊರಿನ ಶಾಲೆ ಸೋರುತ್ತಿದೆ ಅನ್ನುವುದನ್ನು ಒಬ್ಬ ವರದಿಗಾರ ಬೈಕ್ ಮೇಲೆ ತಿರುಗಿ ಬರೆಯಬೇಕಲ್ವಾ? ಊರಿನ ಅಂಗಡಿಗಳೆಲ್ಲ ಒಟ್ಟಿಗೆ ಕೈಬಿಟ್ಟರೆ ಮೊದಲು ಹೋಗುವುದು ಆ ಪುಟ. ಪುಟ ಕಡಿಮೆ ಆಗುವುದನ್ನು ನಾನು ಬುಕಿಂಗ್ ಮೇಜಿನ ಈ ಕಡೆ ಕೂತು ನೋಡುತ್ತಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ದುಡ್ಡು ದಾನಕ್ಕಲ್ಲ, ಗೊತ್ತು. ಎರಡು ಹಬ್ಬದ ದೊಡ್ಡ ಜಾಹೀರಾತು ನಿಲ್ಲಿಸಿ. ಹಬ್ಬದ ದಿನ ನೂರು ಶುಭಾಶಯಗಳ ನಡುವೆ ನಿಮ್ಮದೂ ಒಂದು ಆಗುತ್ತದೆ. ಅದೇ ದುಡ್ಡಿನಲ್ಲಿ ಬೇಸಿಗೆ ಪೂರ್ತಿ ವಾರಕ್ಕೊಂದು ಸಣ್ಣ ಜಾಹೀರಾತು ಅದೇ ಜಿಲ್ಲಾ ಪುಟದಲ್ಲಿ ಹಾಕಿ. "ಡ್ರಿಪ್ ಸಹಾಯಧನದ ಅರ್ಜಿಗೆ ಯಾವ ಕಾಗದ ಬೇಕು" ಅಂತ ಕೆಲಸಕ್ಕೆ ಬರುವ ಮಾತು ಬರೆಸಿ. ಜನ ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ಲೆಕ್ಕದ ವಿಷಯ ಸುಲಭ. ಗೋಡೆಗೆ ಒಂದು ನಂಬರು, ಪೇಪರಿಗೆ ಒಂದು, ಮೊಬೈಲ್ ಜಾಹೀರಾತಿಗೆ ಇನ್ನೊಂದು. ಮೂರು ಸಿಮ್ ಸಾಕು. ಬಿಲ್ ಬುಕ್ಕಿನಲ್ಲಿ "ಎಲ್ಲಿ ನೋಡಿ ಬಂದಿರಿ" ಅಂತ ಒಂದು ಸಾಲು ಅಚ್ಚು ಹಾಕಿಸಿ. ಒಂದು ಬೇಸಿಗೆ ಇದನ್ನು ಬಿಡದೆ ಬರೆದರೆ ನನಗಿಂತ ಚೆನ್ನಾಗಿ ನಿಮಗೇ ಗೊತ್ತಾಗುತ್ತದೆ.

ಗದಗ ಬಣ್ಣದ ಕೆಲಸ

ಗೋಡೆ ಬರೆಯುವವನು ನಾನು. ಗದಗ, ಮುಂಡರಗಿ, ಹಾವೇರಿ ಕಡೆಯೆಲ್ಲ ಬರೆದಿದ್ದೇನೆ. ಬೀಜ, ಸಿಮೆಂಟು, ಸೋಪು, ಪೈಪು. ಫ್ಲೆಕ್ಸ್ ಬಂದ ಮೇಲೆ ನಮ್ಮ ಕೆಲಸ ಬಹಳ ಕಡಿಮೆ ಆಯಿತು. 2016ರ ಮಾರ್ಚ್‌ನಲ್ಲಿ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಮಾಡಿದಾಗ ಸ್ವಲ್ಪ ದಿನ ಬಟ್ಟೆ ಬ್ಯಾನರ್ ಬರೆಸಲು ಜನ ಬಂದರು, ಆಮೇಲೆ ನಿಂತರು.

ಅಕ್ಕಾರ, ಗೋಡೆ ಬಿಡಬೇಡಿ. ಆದರೆ ಸಿಕ್ಕ ಸಿಕ್ಕ ಗೋಡೆ ಹಿಡಿಯಬೇಡಿ. ಮುಂಗಾರು ಮಳೆ ಪಡುವಣದಿಂದ ಹೊಡೆಯುತ್ತದೆ, ಮಧ್ಯಾಹ್ನದ ಬಿಸಿಲೂ ಆ ಕಡೆಯದೇ. ಪಡುವಣಕ್ಕೆ ಮುಖ ಮಾಡಿದ ಗೋಡೆಯ ಬಣ್ಣ ಬೇಗ ಹೋಗುತ್ತದೆ. ಹಾನಗಲ್ ಕಡೆ ಮಳೆ ಜಾಸ್ತಿ, ಅಲ್ಲಿ ಒಂದು ಮಳೆಗಾಲ ತಡೆದರೆ ಹೆಚ್ಚು. ಮೂಡಣದ ಗೋಡೆ, ಮೇಲೆ ಸೂರು ಚಾಚಿದ್ದು ಸಿಕ್ಕರೆ ಎರಡು ಮೂರು ವರ್ಷ ನಿಲ್ಲುತ್ತದೆ. ಬಸ್ ನಿಲ್ಲುವ ಜಾಗದ ಎದುರು, ಹಿಟ್ಟಿನ ಗಿರಣಿ, ಹಾಲಿನ ಡೇರಿ, ಇಂಥ ಕಡೆ ಜನ ಕಾಯುತ್ತಾ ನಿಂತಿರುತ್ತಾರೆ. ಹೆದ್ದಾರಿ ಗೋಡೆಗೆ ದುಡ್ಡು ಜಾಸ್ತಿ, ಆದರೆ ಅಲ್ಲಿ ಎಲ್ಲರೂ ಭರ್ರ್ ಅಂತ ಹೋಗುವವರೇ.

ಬರೆಸುವುದು ಕಡಿಮೆ ಇರಲಿ. ಅಂಗಡಿಯವರು ಹತ್ತು ಕಂಪನಿ ಹೆಸರು, ದೇವರ ಹೆಸರು, ಪ್ರೊಪ್ರೈಟರ್ ಹೆಸರು ಎಲ್ಲ ತುಂಬಿಸುತ್ತಾರೆ. ನಾನು ಬರೆಯುವುದಾದರೆ ಮೊದಲು ಸುಣ್ಣ ಎರಡು ಕೈ ಹೊಡೆದು, ಒಣಗಿದ ಮೇಲೆ ನೀಲಿ ಪುಡಿ ಹಚ್ಚಿದ ದಾರ ಎಳೆದು ಗೆರೆ ಹಾಕಿಕೊಳ್ಳುತ್ತೇನೆ. ಮೇಲಿನ ಅರ್ಧದಲ್ಲಿ ಅಂಗಡಿ ಹೆಸರು, ಕೆಳಗಿನ ಅರ್ಧದಲ್ಲಿ ಫೋನ್ ನಂಬರು. ನಂಬರನ್ನು ಹೆಸರಿನಷ್ಟೇ ದೊಡ್ಡದಾಗಿ, ನಡುವೆ ಜಾಗ ಬಿಟ್ಟು ಒಡೆದು ಬರೆಯಬೇಕು. ಒಟ್ಟಿಗೆ ಬರೆದ ಹತ್ತು ಅಂಕಿ ಯಾರ ತಲೆಯಲ್ಲೂ ಉಳಿಯುವುದಿಲ್ಲ. ಈಗಿನ ಹುಡುಗರು ಫೋಟೊ ಹೊಡೆದುಕೊಳ್ಳುತ್ತಾರೆ, ಅದಕ್ಕೂ ಸ್ಪಷ್ಟ ಇರಬೇಕು.

ಮನೆಯವರನ್ನು ಕೇಳದೆ ಬರೆಸಬೇಡಿ. ಸರ್ಕಾರಿ ಗೋಡೆ, ಶಾಲೆ, ಸೇತುವೆ ಮುಟ್ಟಲೇಬೇಡಿ. ಸಾರ್ವಜನಿಕ ಜಾಗ ಅಂದಗೆಡಿಸುವುದನ್ನು ತಡೆಯಲು 1981ರ ಕಾಯ್ದೆಯೇ ಇದೆ, ಬರೆಸಿದವರ ಮೇಲೆ ಕೇಸು ಹಾಕಬಹುದು.

ಸಪ್ತಾಪುರ ಡಿಜಿಟಲ್

ಧಾರವಾಡದಲ್ಲಿ ಮೊಬೈಲ್ ಜಾಹೀರಾತಿನ ಕೆಲಸ ಮಾಡುತ್ತೇನೆ. ಏಜೆನ್ಸಿಯವರ ಮಾತು ಬಹಳಷ್ಟು ಒಪ್ಪುತ್ತೇನೆ. ಒಂದನ್ನು ಒಪ್ಪುವುದಿಲ್ಲ. ಡ್ರಿಪ್ ವ್ಯಾಪಾರ ಗೋಡೆ, ಪೇಪರಿನ ನಂಬಿಕೆ ಮೇಲೆ ನಡೆಯುತ್ತದೆ ಅನ್ನುವುದು ಹಿರಿಯ ರೈತರಿಗೆ ಸರಿ. ಮೂವತ್ತು ವರ್ಷದ ರೈತ ಯೂಟ್ಯೂಬ್‌ನಲ್ಲಿ ಡ್ರಿಪ್ ವಿಡಿಯೊ ಹುಡುಕಿ ಹುಡುಕಿ ನೋಡಿ, ಗಿಡದ ಸಾಲಿನುದ್ದಕ್ಕೂ ಹಾಯುವ ಲ್ಯಾಟರಲ್ ಪೈಪಿನ ದಪ್ಪ ಎಷ್ಟಿರಬೇಕು ಅಂತ ಮೊದಲೇ ತಿಳಿದುಕೊಂಡು ಅಂಗಡಿಗೆ ಬರುತ್ತಾನೆ. ಅಲ್ಲಿ ನೀವು ಇರಲೇಬೇಕು.

ಬೀದರ್, ಕೋಲಾರದಿಂದ ಕೇಳಿದ್ದಕ್ಕೆ ಕಾರಣ ಹೇಳುತ್ತೇನೆ. ದುಡ್ಡು ಕೊಟ್ಟು ಹೆಚ್ಚು ಜನಕ್ಕೆ ತೋರಿಸಲು ಪೋಸ್ಟಿನ ಕೆಳಗಿರುವ ಬೂಸ್ಟ್ ಬಟನ್ ಒತ್ತಿ, ಜಾಗ ಕರ್ನಾಟಕ ಅಂತ ಬಿಟ್ಟರೆ ಹೀಗೇ ಆಗುತ್ತದೆ. ಜೊತೆಗೆ ಲೈಕು, ಕಾಮೆಂಟು ಬೇಕು ಅನ್ನುವ ಗುರಿ ಆರಿಸಿದರೆ ಫೇಸ್‌ಬುಕ್ ನಿಮ್ಮ ಜಾಹೀರಾತನ್ನು ಲೈಕ್ ಒತ್ತುವ ಚಟ ಇರುವವರಿಗೇ ಹುಡುಕಿ ತೋರಿಸುತ್ತದೆ. ನೀವು ಕೇಳಿದ್ದನ್ನೇ ಅದು ಕೊಡುತ್ತದೆ. ಪಂಪು ಕೊಳ್ಳುವವರು ಬೇಕಾದರೆ ಹಾಗೆ ಕೇಳಬೇಕು.

ತಮ್ಮನಿಗೆ ಹೇಳಿ: ಫೇಸ್‌ಬುಕ್‌ನಲ್ಲಿ ಜಾಹೀರಾತು ಹಾಕಲೆಂದೇ ಇರುವ ಆ್ಯಡ್ಸ್ ಮ್ಯಾನೇಜರ್‌ನಿಂದ ಹಾಕಲಿ. ಹಾವೇರಿ, ಹಾನಗಲ್, ಸವಣೂರು, ಬ್ಯಾಡಗಿ ಸುತ್ತ ವೃತ್ತ ಎಳೆದು ಅಷ್ಟಕ್ಕೇ ಬಿಡಲಿ. ಜಾಹೀರಾತು ಒತ್ತಿದರೆ ನೇರ ವಾಟ್ಸ್ಆ್ಯಪ್ ತೆರೆಯುವ ಹಾಗೆ ಮಾಡಲಿ, ನಮ್ಮ ರೈತರಿಗೆ ಫಾರಂ ತುಂಬುವುದಕ್ಕಿಂತ ಅದು ಸಲೀಸು. ಮೆಸೇಜ್ ಬಂದ ಕೂಡಲೇ ಉತ್ತರ ಕೊಡುವವರು ಅಂಗಡಿಯಲ್ಲಿ ಇರಬೇಕು. ಸಂಜೆ ನೋಡೋಣ ಅಂದರೆ ಗಿರಾಕಿ ಬೇರೆ ಕಡೆ ಹೋಗಿರುತ್ತಾನೆ. ಮೊದಲ ಸಾಲಿನಲ್ಲೇ ಊರಿನ ಹೆಸರು, ಬೋರಿನ ಆಳ, ಎಷ್ಟು ಎಕರೆ ಅಂತ ಕೇಳಲಿ. ನಿಜವಾಗಿ ಬೇಕಾದವರು ಮಾತ್ರ ಉತ್ತರ ಕೊಡುತ್ತಾರೆ.

ವಿಡಿಯೊಗೆ ದೊಡ್ಡ ಕ್ಯಾಮೆರಾ ಬೇಡ. ಯಾವುದಾದರೂ ಗಿರಾಕಿಯ ಹೊಲದಲ್ಲಿ ಪಂಪು ಇಳಿಸುವಾಗ ಅವರ ಒಪ್ಪಿಗೆ ಕೇಳಿ ಮೊಬೈಲ್‌ನಲ್ಲಿ ತೆಗೆಯಿರಿ. ಯೂಟ್ಯೂಬ್‌ನಲ್ಲಿ 5 ಸೆಕೆಂಡಿಗೆ ಸ್ಕಿಪ್ ಬರುತ್ತದೆ, ಆ 5 ಸೆಕೆಂಡಿನೊಳಗೆ ನೀರು ಚಿಮ್ಮುವುದು ಕಾಣಬೇಕು, ನಿಮ್ಮ ಊರು ಕೇಳಬೇಕು. ಸ್ಕಿಪ್ ಮಾಡುವ ಜಾಹೀರಾತಿನಲ್ಲಿ 30 ಸೆಕೆಂಡು (ವಿಡಿಯೊ ಅದಕ್ಕಿಂತ ಚಿಕ್ಕದಿದ್ದರೆ ಪೂರ್ತಿ) ನೋಡಿದರೆ, ಇಲ್ಲವೇ ಒತ್ತಿದರೆ ಮಾತ್ರ ದುಡ್ಡು ಕಟ್ ಆಗುವ ವ್ಯವಸ್ಥೆ ಇದೆ. ಅಂದರೆ ಬೇಗ ಬಿಟ್ಟು ಹೋದವರೂ ನಿಮ್ಮ ಹೆಸರನ್ನು ಪುಕ್ಕಟೆ ನೋಡಿ ಹೋಗುತ್ತಾರೆ.

ಯೂಟ್ಯೂಬ್ ಚಾನೆಲ್ ಇರುವ ರೈತರಿಗೆ ದುಡ್ಡು ಇಲ್ಲವೇ ಪಂಪು ಕೊಟ್ಟು ಹೊಗಳಿಸುವುದು ಈಗ ಜಾಸ್ತಿ ಆಗಿದೆ. ಮಾಡಿಸುವುದಾದರೆ "ಇದು ಜಾಹೀರಾತು" ಅಂತ ವಿಡಿಯೊದಲ್ಲಿ ಹೇಳಿಸಿ. ಜಾಹೀರಾತು ಮಾನದಂಡ ಮಂಡಳಿಯ ನಿಯಮ 2021ರಿಂದಲೇ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ದಂಡ ಬಿಡಿ, ರೈತ ಸಾಲ ಮಾಡಿ ಪಂಪು ಕೊಳ್ಳುತ್ತಾನೆ. ಅವನಿಗೆ ಸುಳ್ಳು ಹೇಳಿಸಬಾರದು.

ಅಕ್ಕಿಆಲೂರು ತೋಟ

ಕೊಳ್ಳುವವರ ಕಡೆಯಿಂದ ನಾನು ಹೇಳುತ್ತೇನೆ. ನಮ್ಮದು ಅಡಿಕೆ ತೋಟ.

ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಪಾಳಿಯಲ್ಲೇ ಕೊಡುತ್ತಾರೆ. ನೀರು ತಿರುಗಿಸುತ್ತಾ ತೋಟದಲ್ಲಿ ಕೂತಾಗ ಕೈಯಲ್ಲಿರುವುದು ಮೊಬೈಲೇ. ಡ್ರಿಪ್ ಹಾಕಿಸುವ ಮುಂಚೆ ನಾನೂ ವಿಡಿಯೊ ಬಹಳ ನೋಡಿದೆ. ಆದರೆ ಕೊಂಡಿದ್ದು ವಿಡಿಯೊದವರ ಹತ್ತಿರ ಅಲ್ಲ. ಒಬ್ಬ ಅಂಗಡಿಯವರು ತೋಟಕ್ಕೆ ಬಂದು, ಗಿಡದ ಸಾಲು ಅಳೆದು, ನಿಮ್ಮ ಬೋರಿನ ನೀರಿಗೆ ಇಷ್ಟೇ ಎಕರೆ ಆಗುತ್ತದೆ, ಜಾಸ್ತಿ ಹಾಕಿಸಬೇಡಿ ಅಂದರು. ಕಡಿಮೆ ಕೊಳ್ಳಿ ಅಂತ ಹೇಳಿದ ಅಂಗಡಿಯವರನ್ನು ನಾನು ಮೊದಲ ಸಲ ನೋಡಿದ್ದು. ಅವರ ಹತ್ತಿರವೇ ಹಾಕಿಸಿದೆ. ನಮ್ಮ ಓಣಿಯಲ್ಲಿ ಆಮೇಲೆ ಹಾಕಿಸಿದವರೂ ಅವರನ್ನೇ ಕರೆದರು.

ಸ್ಟಿಕರ್ ಮಾತು ಸರಿ ಇದೆ. ಆದರೆ ಪೆಟ್ಟಿಗೆಯ ಹೊರಗೆ ಹಚ್ಚಿದರೆ ಬಿಸಿಲಿಗೆ ಬಿಳಿಚಿ ಹೋಗುತ್ತದೆ. ನಮ್ಮ ಪೆಟ್ಟಿಗೆ ಮೇಲೆ ಒಂದಿತ್ತು, ಈಗ ಓದಲು ಬರುವುದಿಲ್ಲ. ಬಾಗಿಲಿನ ಒಳಗೆ ಹಚ್ಚಿ. ವೈರಿಗೆ ತಾಗದ ಹಾಗೆ ಮೇಲಿನ ಮೂಲೆಯಲ್ಲಿ ಹಚ್ಚಿ.

ಹಾವೇರಿ ಪಂಪ್‌ಸೆಟ್

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ತಮ್ಮನಿಗೂ ಓದಿಸಿದೆ, ಅಪ್ಪನಿಗೆ ಓದಿ ಹೇಳಿದೆ. ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇವೆ. ಬಸ್ಸಿನ ಬೋರ್ಡು, ಹಬ್ಬದ ದೊಡ್ಡ ಜಾಹೀರಾತು ನಿಲ್ಲಿಸುತ್ತೇವೆ. ಗೋಡೆ ಕಡಿಮೆ ಮಾಡಿ, ಡೇರಿ, ಗಿರಣಿ ಹತ್ತಿರದವನ್ನು ಮಾತ್ರ ಹೊಸದಾಗಿ ಬರೆಸುತ್ತೇವೆ. ಪೇಪರಿನಲ್ಲಿ ಫೆಬ್ರವರಿಯಿಂದ ವಾರಕ್ಕೊಂದು ಸಣ್ಣದು. ಮೊಬೈಲಿಗೆ ಐವತ್ತು ಸಾವಿರ, ಅದೂ ಬೇಸಿಗೆಗೆ ಮಾತ್ರ. ಉಳಿದದ್ದರಲ್ಲಿ, ರೈತರ ಹೊಲಗಳಿಗೆ ನನ್ನ ತಮ್ಮ ಹೋಗಿ ಅಳತೆ ಮಾಡಿಕೊಡಲು ಬೈಕಿನ ಪೆಟ್ರೋಲು, ಮತ್ತು ಕೃಷಿ ಮೇಳ. ಕ್ಯಾಲೆಂಡರ್ ಇರುತ್ತದೆ, ಅದರ ಬಗ್ಗೆ ಚರ್ಚೆಯೇ ಇಲ್ಲ.

ಎರಡು ಅನುಮಾನ. ಮೊಬೈಲ್ ಜಾಹೀರಾತಿನ ಜಿಎಸ್‌ಟಿ ಪೇಪರಿಗಿಂತ ಜಾಸ್ತಿ ಅಂತ ಕೇಳಿದ್ದೇನೆ, ನಿಜವಾ? ಮತ್ತೆ ಎರಡು ವಾಟ್ಸ್ಆ್ಯಪ್ ನಂಬರಿಗೆ ಎರಡು ಫೋನ್ ಬೇಕಾ?

ಹುಬ್ಬಳ್ಳಿ ಏಜೆನ್ಸಿಯವ

ನಿಜ. ಪೇಪರಿನ ಜಾಗಕ್ಕೆ ಶೇ 5, ಆನ್‌ಲೈನ್ ಜಾಹೀರಾತಿಗೆ ಶೇ 18. ನೀವು ಮಾಮೂಲಿ ನೋಂದಣಿಯಲ್ಲಿದ್ದು ಬಿಲ್ ಮೇಲೆ ಜಿಎಸ್‌ಟಿ ನಂಬರ್ ಬಂದಿದ್ದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಇನ್‌ಪುಟ್ ಆಗಿ ಕಳೆದುಕೊಳ್ಳಬಹುದು. ಸಣ್ಣ ವ್ಯಾಪಾರಿಗಳ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಸಿಗುವುದಿಲ್ಲ, ಆಗ ಐವತ್ತು ಸಾವಿರದ ಜಾಹೀರಾತಿಗೆ ಕೈಯಿಂದ 9 ಸಾವಿರ ಜಾಸ್ತಿ ಹೋಗುತ್ತದೆ. ಆ್ಯಡ್ಸ್ ಮ್ಯಾನೇಜರ್‌ನ ಬಿಲ್ಲಿಂಗ್ ಸೆಟ್ಟಿಂಗ್‌ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಮೊದಲೇ ತುಂಬಿಡಿ.

ಸಪ್ತಾಪುರ ಡಿಜಿಟಲ್

ಎರಡು ಸಿಮ್ ಹಾಕುವ ಫೋನ್ ಒಂದೇ ಸಾಕು. ಒಂದು ನಂಬರಿಗೆ ಮಾಮೂಲಿ ವಾಟ್ಸ್ಆ್ಯಪ್, ಇನ್ನೊಂದಕ್ಕೆ ವಾಟ್ಸ್ಆ್ಯಪ್ ಬಿಸಿನೆಸ್. ಜಾಹೀರಾತಿಗೆ ಬಿಸಿನೆಸ್ ನಂಬರನ್ನೇ ಕೊಡಿ. ಅದರಲ್ಲಿ ಲೇಬಲ್ ಹಚ್ಚುವ ಸೌಲಭ್ಯ ಇದೆ. "ಮೋಟಾರು ತುರ್ತು", "ಡ್ರಿಪ್", "ಹೊಲ ನೋಡಬೇಕು" ಅಂತ ಮೂರು ಲೇಬಲ್ ಮಾಡಿಟ್ಟುಕೊಳ್ಳಿ, ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನಿಮ್ಮ ತಮ್ಮ ಮೊದಲನೆಯದನ್ನು ನೋಡಲಿ.